ಗುಜರಿಗೆ ಹೊರಟಿದ್ದ ಟವರ್

ಗೆಳೆಯರೇ, ಇಂದು ಪಟ್ಟಂನ ನಮ್ಮ ರಿಪೇರಿ ಅಂಗಡಿಗೆ ಇಲ್ಲೇ ನೆಲೆಸಿರುವ ಮೈಸೂರಿನ ನಿವೃತ್ತ ವಿಜ್ಞಾನಿಯೊಬ್ಬರು ಬಂದರು. ಕೈಯಲ್ಲಿ ಮಗಳು ಕೊಡಿಸಿದ ಅಂಗೈಯಗಲದ ಹೊಸ ಕಂಪ್ಯೂಟರ್. ಆಟೋದಲ್ಲಿ ಗುಜರಿಗೆಂದು ತಂದ ಹಳೆಯ ಟವರ್ ಕಂಪ್ಯೂಟರ್.

“ಹೊಸದಕ್ಕೆ ಇನ್ನಷ್ಟು ರ್‍ಯಾಮ್ ಹಾಕ್ಬಿಡಪ್ಪ. ನನ್ನ ಕಡಲಗಾಳಿಯ ಲೆಕ್ಕ ಅರ್ಧಕ್ಕೇ ನಿಂತ್ಹೋಗುತ್ತೆ.”

“ಆಗಲ್ಲ ಸರ್. ಎಲ್ಲಾ ಬೆಸುಗೆ ಹಾಕ್ಬಿಟ್ಟಿದ್ದಾರೆ, ಸೇರಿಸೋಕೆ ಜಾಗವೇ ಇಲ್ಲ.”

“ಹಳೇದಕ್ಕೆ ನಾನೇ ಹಾಕ್ಕೋತಿದ್ದೆ. ಅದರ ಪಕ್ಕದ ಮುಚ್ಚಳಕ್ಕೆ ಯಾವತ್ತೂ ಸ್ಕ್ರೂ ಬಿಗಿದವನೇ ಅಲ್ಲ!”

ದುಬಾರಿ ಮಾಡೆಲ್ ತೋರಿಸುವಂತೆ ಅಂಗಡಿಯ ಮಲಯಾಳಿ ಮಾಲೀಕರು ಕಣ್ಸನ್ನೆ ಮಾಡಿದರು. ನಾನು ಟವರನ್ನು ಇಳಿಸಿ ನೋಡಿದೆ. ರ್‍ಯಾಮ್ ಹಾಕುವ ಎರಡು ಸ್ಲಾಟ್ ಇನ್ನೂ ಖಾಲಿ ಇದ್ದವು.

“ಇದಕ್ಕೇ ಹಾಕೋಣ ಸರ್” ಎಂದೆ.

ರ್‍ಯಾಮ್ ಹಾಕಿಕೊಟ್ಟೆ. ಅವರು ಟವರಿನ ಮುಚ್ಚಳವನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ಆಟೋದಲ್ಲಿ ಮನೆಗೆ ಮರಳಿದರು.

“ಎಡಾ, ಹೀಗಾದ್ರೆ ಹೊಸದನ್ನ ಯಾರಿಗೆ ಮಾರೋದು?” ಎಂದು ಮಾಲೀಕರು ಗದರಿದರು. ಬೋರ್ಡಿನಲ್ಲಿ ‘ರಿಪೇರಿ’ ಎಂದು ಬರೆಸಿದವರು ಅವರೇ.