ಎರಡನೇ ಗೇರು ಮತ್ತು ಫಕೀರೇಶ

ಬೆಟಗೇರಿಯ ಮೆಕ್ಯಾನಿಕ್ ಫಕೀರೇಶ ಒಳ್ಳೆಯ ಮಾತಿನ ಮನುಷ್ಯನಲ್ಲ. ಗಾಡಿ ತಂದವನಿಗೆ ಕೂರು ಎನ್ನುವುದಿಲ್ಲ. "ಏನಾಗೇತಿ ಅಷ್ಟ ಹೇಳು, ಯಾಕ ಆತು ಅಂತ ನಾ ಹೇಳ್ತೇನಿ" ಎಂಬುದೇ ಅವನ ಸ್ವಾಗತ. ಇಪ್ಪತ್ತೆರಡು ವರ್ಷ ಈ ಒರಟುತನ ನಡೆದದ್ದು ಅವನ ಕೈ ಮೋಸ ಮಾಡುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ. ಅದಕ್ಕೆ ಕೊಳ್ಳಿ ಇಟ್ಟವನು ಡಂಬಳದ ಪುಂಡಲೀಕಪ್ಪ.

ಪುಂಡಲೀಕಪ್ಪ ಗದಗ–ಡಂಬಳ ನಡುವೆ ಜನ ತುಂಬಿಕೊಂಡು ಜೀಪು ಓಡಿಸುತ್ತಾನೆ. ಏರಿನಲ್ಲಿ ಅದರ ಎರಡನೇ ಗೇರು ತಾನೇ ಜಾರಿ ನ್ಯೂಟ್ರಲ್‌ಗೆ ಬೀಳುತ್ತಿತ್ತು. ಫಕೀರೇಶ ಗೇರ್‌ಬಾಕ್ಸ್ ಬಿಚ್ಚಿ, ಗೇರನ್ನು ಹಿಡಿದಿಡುವ ಸ್ಪ್ರಿಂಗ್ ಬದಲಿಸಿದ. ತಿಂಗಳಲ್ಲಿ ಮತ್ತೆ ಬಂತು. ಈ ಸಲ ಗೇರು ತಳ್ಳುವ ಫೋರ್ಕ್ ಹೊಸದು ಹಾಕಿದ. ಬೆಟಗೇರಿಯಲ್ಲಿ ಓಡಿಸಿ ನೋಡಿದರೆ ಗೇರು ಅಲುಗುತ್ತಿರಲಿಲ್ಲ, ಡಂಬಳದ ದಾರಿಯಲ್ಲಿ ಮತ್ತೆ ಅದೇ ಹಾಡು.

"ಹೊಸಾದು ಅಂತ ಹೇಳಿ ಹಳೇದ ಹಾಕ್ಯಾನ" ಎಂದು ಪುಂಡಲೀಕಪ್ಪ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸಾರಿದ. ಎರಡು ವಾರದಲ್ಲಿ ಫಕೀರೇಶನ ಗ್ಯಾರೇಜು ಖಾಲಿ. ಹದಿನೈದು ವರ್ಷದ ಗಿರಾಕಿ ಮುತ್ತಣ್ಣನೂ ಬಾಗಿಲ ಮುಂದೆಯೇ ಹಾದು ಬೇರೆಯವನ ಹತ್ತಿರ ಹೋದ.

ಒಂದು ಮುಂಜಾನೆ ಫಕೀರೇಶ ಬೀಗ ಹಾಕಿ, ಸ್ಟ್ಯಾಂಡಿಗೆ ಹೋಗಿ ಅದೇ ಜೀಪು ಹತ್ತಿದ.

"ಇಳಿ ಕೆಳಗ" ಎಂದ ಪುಂಡಲೀಕಪ್ಪ.

"ಇಳ್ಯಾಂಗಿಲ್ಲ. ಎಲ್ಲಾರಂಗ ರೊಕ್ಕಾ ಕೊಟ್ಟ ಕುಂತೇನಿ."

ತುಂಬಿದ ಗಾಡಿಯಲ್ಲಿ ಒಮ್ಮೆಯೂ ಕೂತು ನೋಡದೆ ಇದ್ದದ್ದು ಫಕೀರೇಶನ ತಪ್ಪೇ. ಮುಂದಿನ ಎರಡು ಸೀಟಿನ ನಡುವೆ, ಗೇರಿನ ಕೋಲಿನ ಹಿಂದೆ, ಒಬ್ಬರು ಹೆಚ್ಚಿಗೆ ಕೂರಲೆಂದು ಹಲಗೆ ಹಾಕಿತ್ತು. ಅದರ ಮೇಲೆ ಹಳೆ ಬಟ್ಟೆ ಕೂಡಿಸಿ ಹೊಲಿದ ದಪ್ಪ ಕೌದಿ, ಕೌದಿಯ ಮೇಲೆ ಬಳೆ ಮಾರುವ ಸಾವಂತ್ರೆವ್ವ. ಆ ಕೌದಿಯನ್ನು ಅವನು ಹಿಂದೆ ಕಂಡಿರಲಿಲ್ಲ.

ಏರು ಬಂತು. ಪುಂಡಲೀಕಪ್ಪ ಎರಡಕ್ಕೆ ಎಳೆದ. ಗೇರಿನ ಕೋಲು ಕೌದಿಯ ಮಡಿಕೆಗೆ ಬಡಿದು, ಪೂರ್ತಿ ಹಿಂದೆ ಬಾರದೆ ನಿಂತಿತು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಜಾರಿತು.

"ನೋಡ್ರಿ ಎಲ್ಲಾರೂ, ಇವನ ಕೆಲಸ."

"ಗಾಡಿ ನಿಲ್ಸು. ಯವ್ವಾ, ಒಂದೀಟ ಏಳು." ಫಕೀರೇಶ ಹಿಂದಿನಿಂದ ಕೈ ಹಾಕಿ ಕೌದಿ ಕಿತ್ತ. "ಈಗ ಹಾಕು."

ಗೇರು ಪೂರ್ತಿ ಕೂತಿತು. ಅಷ್ಟೂ ಜನರನ್ನು ಹೊತ್ತು ಜೀಪು ಏರು ಮುಗಿಸಿತು.

"ಗ್ಯಾರೇಜಿಗೆ ತರೋ ಮುಂದ ಇದು ಎಲ್ಲಿರತಿತ್ತು?"

"ನಮ್ಮವ್ವ ಹೊಲಿದ ಕೌದಿ ಅದು. ನಿನ್ನ ಎಣ್ಣಿ ಕೈ ಹತ್ತತಾವಂತ ಮನ್ಯಾಗ ಇಟ್ಟ ಬರತಿದ್ದೆ."

"ನನ್ನ ಕೈ ಹೊಲಸು. ನಿನ್ನ ಬಾಯಿ ಮಡಿ."

"ನನ್ನ ಕುಂಡಿಗೆ ಹಲಗಿ ಒತ್ತಾಕತ್ತೇತಿ, ಜಗಳ ಆಮ್ಯಾಲ ಮಾಡ್ರಿ" ಎಂದಳು ಸಾವಂತ್ರೆವ್ವ.

ತಿಂಗಳುಗಟ್ಟಲೆ ಅರ್ಧಂಬರ್ಧ ಕೂತ ಗೇರಿನ ಹಲ್ಲು ಸವೆದಿರುವುದು ಖಂಡಿತ. ಕೌದಿ ತೆಗೆದರೂ ನಾಲ್ಕು ದಿನದಲ್ಲಿ ಮತ್ತೆ ಜಾರುತ್ತದೆ ಎಂದು ಫಕೀರೇಶ ಮುಖದ ಮೇಲೇ ಹೇಳಿದ.

"ನಾಳಿ ತರ್ತೇನಿ, ಬಿಚ್ಚು."

"ಮೊದಲ ಸ್ಟ್ಯಾಂಡಿನ್ಯಾಗ ಹೇಳು. ನೀ ಒದರಿದ ಜಾಗಾದಾಗ."

"ನಾ ಹೇಳಾಂಗಿಲ್ಲ."

"ಹಂಗಾರ ಜಾರಲಿ." ಫಕೀರೇಶ ಅಲ್ಲೇ ಇಳಿದು ಬಸ್ಸಿಗೆ ನಿಂತ.

ಪುಂಡಲೀಕಪ್ಪ ಹತ್ತೊಂಬತ್ತು ದಿನ ಹಟ ಹಿಡಿದ. ಬೇರೆ ಇಬ್ಬರು ಮೆಕ್ಯಾನಿಕ್‌ಗಳು ಗೇರ್‌ಬಾಕ್ಸ್ ಬಿಚ್ಚದೆ ಮೇಲೆ ಮೇಲೆ ಬಿಗಿದು ಕಳಿಸಿದರು, ಗೇರು ನಿಲ್ಲಲಿಲ್ಲ. ಇಪ್ಪತ್ತನೇ ದಿನ ಫಕೀರೇಶನನ್ನು ಚಹಾದಂಗಡಿಗೆ ಕರೆಸಿ, ನೆಲ ನೋಡುತ್ತ, "ತಪ್ಪು ನಂದ. ಇವ ಹೊಸಾದ ಹಾಕಿದ್ದ" ಎಂದ.

"ಅಗದಿ ಆ ಕಡೆ ಕುಂತವ್ರಿಗೆ ಕೇಳಲಿಲ್ಲ" ಎಂದ ಫಕೀರೇಶ.

ಪುಂಡಲೀಕಪ್ಪ ಹಲ್ಲು ಕಚ್ಚಿ, ಎದ್ದು ನಿಂತು, ಇನ್ನೊಮ್ಮೆ ಹೇಳಿದ. ಗಾಡಿ ರಿಪೇರಿಯಾಯಿತು. ಗಿರಾಕಿಗಳು ತಿರುಗಿ ಬಂದರು. ಅವರಿಬ್ಬರೂ ಈಗಲೂ ಒಬ್ಬರನ್ನೊಬ್ಬರು ಕಂಡರೆ ಉಗಿಯುತ್ತಾರೆ.