ಫೈಲಿನಲ್ಲಿದ್ದ ‘ಸಂಸಾರ ಇಲ್ಲ’

೨೦೨೨ರಲ್ಲಿ ನಾನು ಒಂದು ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಕಾಸರಗೋಡು ಜಿಲ್ಲಾ ಕೋ-ಆರ್ಡಿನೇಟರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕಚೇರಿ ಮಾತ್ರ ವಿದ್ಯಾನಗರದ ಒಂದು ಫೋಟೋಸ್ಟಾಟ್ ಅಂಗಡಿಯ ಮೇಲಿನ ಒಂದೇ ಕೋಣೆ. ಕೆಳಗಿನ ಮೆಷಿನ್ ಓಡುವಾಗ ನಮ್ಮ ಮೇಜೂ ಸಣ್ಣಗೆ ನಡುಗುತ್ತಿತ್ತು. ನಮ್ಮ ಕೆಲಸವನ್ನು ದೆಹಲಿಯ ಕೇಂದ್ರ ಕಚೇರಿಯವರು ‘ಅಡ್ವೊಕಸಿ’ ಎನ್ನುತ್ತಿದ್ದರು. ನಾವು ಔಷಧ ಕೊಡುವವರಲ್ಲ, ಕೌನ್ಸೆಲಿಂಗ್ ಮಾಡುವವರೂ ಅಲ್ಲ. ಮನೋರೋಗ ಎಂಬ ಹೆಸರು ಅಂಟಿದ ಕೂಡಲೇ ಯಾರ ಮಾತಿಗೆ ಬೆಲೆ ಇಲ್ಲದಾಗುತ್ತದೋ ಅವರ ಪರವಾಗಿ ಮಾತಾಡುವವರು. ಪೆನ್ಷನ್ ಸಿಗದಿದ್ದರೆ ಪಂಚಾಯತ್ ಆಫೀಸಿನಲ್ಲಿ ಹೋಗಿ ಕೂರುವುದು, ಪುನರ್ವಸತಿ ಕೇಂದ್ರಗಳಿಗೆ ಹೋಗಿ ಅಲ್ಲಿರುವವರು ತಮ್ಮ ಇಷ್ಟದಿಂದ ಇದ್ದಾರೋ ಇಲ್ಲವೋ ಎಂದು ವಿಚಾರಿಸಿ ವರದಿ ಬರೆಯುವುದು, ಇಂಥ ಕೆಲಸ. ಇಲ್ಲಿ ಹೇಳಹೊರಟಿರುವುದು ಹಾಗೆ ಬರೆದ ಒಂದು ವರದಿಯ ಕಥೆ. ಅದರಲ್ಲಿ ತಪ್ಪು ಮಾಡಿದವರ ಸಾಲಿನಲ್ಲಿ ನಾನೂ ಇದ್ದೇನೆ. ಜನರ ಹೆಸರುಗಳನ್ನು ಬದಲಿಸಿದ್ದೇನೆ.

ನಮ್ಮ ಜಿಲ್ಲೆಯ ಹೊಸದುರ್ಗದಿಂದ ಆಚೆ, ಬಸ್ಸಿಳಿದು ಒಂದಿಷ್ಟು ನಡೆಯಬೇಕಾದ ಕಡೆ ಒಂದು ಖಾಸಗಿ ಪುನರ್ವಸತಿ ಕೇಂದ್ರವಿತ್ತು. ಅರವತ್ತು ಮಂದಿ ಇದ್ದರು. ಕೆಟ್ಟ ಜಾಗವೇನೂ ಅಲ್ಲ. ನೆಲ ಒರೆಸಿರುತ್ತಿತ್ತು, ಮಧ್ಯಾಹ್ನಕ್ಕೆ ಮೀನು ಇರುತ್ತಿತ್ತು, ಯಾರ ಮೇಲೂ ಕೈ ಮಾಡಿದ್ದನ್ನು ನಾನು ಕೇಳಿಲ್ಲ. ಆ ವರ್ಷ ಕಟ್ಟಡದ ಒಂದು ಭಾಗವನ್ನು ಕೆಡವಿ ಕಟ್ಟಬೇಕಾಗಿ ಬಂತು. ಹಾಗಾಗಿ ‘ಕುಟುಂಬವಿಲ್ಲದ, ಮಾತಿಲ್ಲದ, ಖಾಯಂ ಆರೈಕೆ ಬೇಕಾದ’ ಏಳು ಮಂದಿಯನ್ನು ರಾಜ್ಯದ ದಕ್ಷಿಣ ತುದಿಯ ಇನ್ನೊಂದು ಸಂಸ್ಥೆಗೆ ಕಳಿಸುವುದೆಂದು ತೀರ್ಮಾನವಾಯಿತು. ಅಲ್ಲಿಗೆ ಹೋದವರು ಸಾಮಾನ್ಯವಾಗಿ ಹಿಂದೆ ಬರುವುದಿಲ್ಲ. ವರ್ಗಾವಣೆಗೆ ಒಂದು ಸಮಿತಿಯ ಅನುಮತಿ ಬೇಕು, ಸಮಿತಿಗೆ ನಮ್ಮ ಅಭಿಪ್ರಾಯ ಬೇಕು. ನಾನು ಫೈಲುಗಳನ್ನು ನೋಡಿ ‘ಆಕ್ಷೇಪವಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಆ ಏಳರಲ್ಲಿ ಐದನೆಯ ಹೆಸರು ಸಂಜೀವ. ವಯಸ್ಸು ಐವತ್ತನಾಲ್ಕು, ೨೦೧೯ರಲ್ಲಿ ದಾಖಲು. ನಮ್ಮ ಹನ್ನೊಂದು ಪುಟದ ಇಂಗ್ಲಿಷ್ ಫಾರಂನಲ್ಲಿ ‘ಸಂವಹನದ ರೀತಿ’ ಎಂಬ ಚೌಕದಲ್ಲಿ ಅವರ ಹೆಸರಿನ ಮುಂದೆ ‘ನಾನ್-ವರ್ಬಲ್’, ಅಂದರೆ ಮಾತಿಲ್ಲದವರು ಎಂದು ಮೂರು ಸಲ ಟಿಕ್ ಹಾಕಿದವಳು ನಾನೇ. ಎರಡು ಸಲ ಕೋವಿಡ್ ಕಾಲದಲ್ಲಿ ವಿಡಿಯೋ ಕಾಲ್ ಮೂಲಕ, ಒಂದು ಸಲ ಎದುರಿಗೇ ಕುಳಿತು. ಎದುರಿಗೆ ಕುಳಿತಾಗ ನಾನು ಮಾಡಿದ್ದೆಂದರೆ ‘ಊಟ ಆಯಿತಾ’ ಎಂದು ಕೈಯನ್ನು ಬಾಯಿಯ ಹತ್ತಿರ ತಂದು ತೋರಿಸಿದ್ದು. ಅವರು ತಲೆ ಆಡಿಸಿದರು. ನಾನು ಟಿಕ್ ಹಾಕಿ ಮುಂದಿನವರ ಬಳಿಗೆ ಹೋದೆ.

ಸಹಿ ಹಾಕಿದ ಮೇಲೆ ಒಂದು ಫೋಟೋ ಬಾಕಿ ಇದೆಯೆಂದು ಮತ್ತೊಮ್ಮೆ ಅಲ್ಲಿಗೆ ಹೋಗಬೇಕಾಯಿತು. ಬೆಳಿಗ್ಗೆ ಹನ್ನೊಂದರ ಚಹಾ ಮುಗಿದಿತ್ತು. ಜಗಲಿಯ ಬೆಂಚಿನ ಮೇಲೆ ಕುಳಿತು ಮಂಜೇಶ್ವರದಲ್ಲಿರುವ ತಂಗಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ನಮ್ಮ ಮನೆಮಾತು ತುಳು. ಅವಳದ್ದು ಹೊಸ ರವಿಕೆಯ ಗೋಳು: ತೋಳು ಬಿಗಿ, ಕೈ ಎತ್ತಲಿಕ್ಕಾಗುವುದಿಲ್ಲ, ನಾಡಿದ್ದು ಮದುವೆ. ‘ತೋಳು ಬಿಚ್ಚಿಸಿ ಬೇರೆ ಹಾಕಿಸು’ ಎಂದು ನನಗೆ ತಿಳಿಯದ ವಿಷಯದಲ್ಲಿ ಸಲಹೆ ಕೊಟ್ಟೆ. ಫೋನ್ ಇಟ್ಟದ್ದೇ ತಡ, ಬೆಂಚಿನ ಆ ತುದಿಯಿಂದ ಚೊಕ್ಕ ತುಳುವಿನಲ್ಲಿ ಒಂದು ಸ್ವರ ಬಂತು. ಅರ್ಥ ಇಷ್ಟು:

“ತೋಳು ಬಿಚ್ಚುದು ಬೇಡ ಅಕ್ಕ. ಒಳಗೆ ಬಟ್ಟೆ ಬಿಟ್ಟಿದ್ದಾರಾ ನೋಡ್ಲಿಕ್ಕೆ ಹೇಳಿ. ಬಿಟ್ಟಿದ್ರೆ ಕಂಕುಳಿನ ಹತ್ರ ಒಂದು ಹೊಲಿಗೆ ಬಿಚ್ಚಿದ್ರೆ ಸಾಕು.”

ತಿರುಗಿ ನೋಡಿದರೆ ಸಂಜೀವ. ನಾನು ಕೇಳಬಾರದ ಪ್ರಶ್ನೆಯನ್ನೇ ಕೇಳಿದೆ. “ನಿಮಗೆ ಮಾತು ಬರ್ತದಾ?”

“ಎಂತಕ್ಕೆ ಬಾರದು?” ಎಂದರು ಅವರು, ನನಗೇ ಏನೋ ಆಗಿದೆ ಎಂಬಂತೆ.

“ಮತ್ತೆ ಇಷ್ಟು ವರ್ಷ ಮಾತಾಡ್ಲಿಲ್ಲ ಯಾಕೆ?”

“ಬಂದ ಹೊಸತರಲ್ಲಿ ನನ್ನ ತಲೆ ಸರಿ ಇರ್ಲಿಲ್ಲ, ಮಾತು ಬೇಡಾಂತ ಕಾಣ್ತಿತ್ತು. ಮತ್ತೆ ನೋಡಿದ್ರೆ ಇವರೆಲ್ಲ ನನ್ನ ಹತ್ರ ಕೈಯಲ್ಲೇ ಮಾತಾಡುದು. ಇಲ್ಲಿಯ ರೂಲ್ಸ್ ಹಾಗೆ ಅಂತ ಗ್ರಹಿಸಿದೆ. ನಾನೂ ಕೈಯಲ್ಲೇ ಹೇಳಿದೆ. ನೀವೂ ಹಾಗೇ ಮಾಡಿದ್ದಲ್ವಾ ಅಕ್ಕ?”

ನಗು ಬರಬೇಕಾದ ಮಾತು. ನನಗೆ ಬಂದದ್ದು ನಾಚಿಕೆ. ಕೇಳುತ್ತಾ ಹೋದೆ. ಕುಂಬಳೆಯಲ್ಲಿ ಒಂದು ಅಂಗಡಿ ಸಾಲಿನ ಕೊನೆಯಲ್ಲಿ ಇಪ್ಪತ್ತೆರಡು ವರ್ಷ ಟೈಲರ್ ಆಗಿದ್ದರಂತೆ. ಹೆಂಡತಿ ತೀರಿಕೊಂಡ ಮೇಲೆ ನಿದ್ರೆ ತಪ್ಪಿತು, ಯಾರೋ ಕರೆದಂತೆ ಕೇಳಲು ಶುರುವಾಯಿತು, ಹೊಲಿಗೆ ನಿಂತಿತು. ಮಕ್ಕಳಿಲ್ಲ. ದಕ್ಷಿಣಕ್ಕೆ ಕಳಿಸುವ ವಿಷಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಅವರು “ಅಲ್ಲಿ ತುಳು ಉಂಟಾ?” ಎಂದು ಕೇಳಿದರು. ಇಲ್ಲ ಎಂದೆ. “ಕನ್ನಡ?” ಅದೂ ಇಲ್ಲ ಎಂದೆ.

ಕೇಂದ್ರದ ಹಿರಿಯ ನರ್ಸ್ ಲಿಜಿ ಸಿಸ್ಟರ್ ಕೋಟ್ಟಯಂ ಕಡೆಯವರು, ಒಳ್ಳೆಯ ಹೆಂಗಸು. ವಿಷಯ ತಿಳಿಸಿದಾಗ ಅವರಿಗೆ ನಂಬಿಕೆಯಾಗಲಿಲ್ಲ. “ಟೀಚರ್, ಆತ ಮೊದಲಿಗೆ ಏನೇನೋ ಸದ್ದು ಮಾಡುತ್ತಿದ್ದದ್ದು ನಿಜ, ಭಾಷೆ ಅಂತ ನಮಗೆ ಅನ್ನಿಸಲೇ ಇಲ್ಲ” ಎಂದರು ಮಲಯಾಳದಲ್ಲಿ. (ನಾನು ಒಂದು ದಿನವೂ ಪಾಠ ಮಾಡಿದವಳಲ್ಲ. ನಮ್ಮ ಜಿಲ್ಲೆಯಲ್ಲಿ ಕೈಯಲ್ಲಿ ಫೈಲು, ಮೂಗಿನ ಮೇಲೆ ಕನ್ನಡಕ ಇರುವ ಹೆಂಗಸರೆಲ್ಲ ಟೀಚರ್.) ಕೇಸ್ ಶೀಟ್ ತೆರೆದರೆ ಹಾಗೆಯೇ ಇತ್ತು: ‘ಅರ್ಥವಿಲ್ಲದ ಶಬ್ದಗಳು’. ಅದು ನನ್ನ ತಾಯಿಯ ಭಾಷೆಗೆ ಸಿಕ್ಕ ಬಿರುದು. ಸಿಟ್ಟು ಬಂತು. ಆದರೆ ಅದೇ ಮನುಷ್ಯನ ಹೆಸರಿನ ಮುಂದೆ ಮೂರು ಸಲ ಟಿಕ್ ಹಾಕಿದವಳು ನಾನೇ ಎಂಬುದು ನೆನಪಾಗಿ ಸಿಟ್ಟನ್ನು ನುಂಗಿಕೊಂಡೆ.

ಮೂಲ ಎಲ್ಲಿದೆ ಎಂದು ಹಿಂದಕ್ಕೆ ಹೋದೆವು. ೨೦೨೧ರ ಸಾರಾಂಶದಲ್ಲಿ ‘ಮೂಕ’ ಎಂದಿತ್ತು. ೨೦೨೦ರದ್ದರಲ್ಲಿ ‘ಮೂಕ?’ ಎಂದು ಪ್ರಶ್ನೆ ಚಿಹ್ನೆಯೊಡನೆ ಇತ್ತು. ಮರುವರ್ಷ ನಕಲು ಮಾಡಿದವರ ಕೈಯಿಂದ ಆ ಚಿಹ್ನೆ ಬಿದ್ದುಹೋಗಿತ್ತು. ಎಲ್ಲಕ್ಕೂ ಹಿಂದೆ, ದಾಖಲಾದ ದಿನದ ಕೈಬರಹದ ಹಾಳೆ. ನಾನು ಕನ್ನಡ ಮೀಡಿಯಮ್‌ನಲ್ಲಿ ಓದಿದವಳು, ಮಲಯಾಳ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡೇ ಓದಬೇಕು. ಅದಕ್ಕೇ ಈ ಹಾಳೆಯನ್ನು ನಾನು ಯಾವತ್ತೂ ಓದಿರಲಿಲ್ಲ, ಇಂಗ್ಲಿಷ್ ಸಾರಾಂಶದಲ್ಲೇ ಕೆಲಸ ಮುಗಿಸಿದ್ದೆ. ಅಂದು ಕೂಡಿಸಿಕೊಂಡು ಓದಿದೆ: ‘ಸಂಸಾರಂ ಇಲ್ಲ. ಜತೆಗೆ ಬಂದವರ ಹೇಳಿಕೆ.’

ಹೊರಗಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಕನ್ನಡದಲ್ಲಿ ‘ಸಂಸಾರ ಇಲ್ಲ’ ಎಂದರೆ ಹೆಂಡತಿ ಮಕ್ಕಳಿಲ್ಲ ಎಂದು. ಮಲಯಾಳದಲ್ಲಿ ‘ಸಂಸಾರಂ’ ಎಂದರೆ ಮಾತು. ನಮ್ಮ ಕಡೆ ಈ ಶಬ್ದವನ್ನು ಹಿಡಿದುಕೊಂಡು ತಮಾಷೆ ಮಾಡದ ಮನೆಯಿಲ್ಲ. ಹೊಸದಾಗಿ ಬಂದ ಮಲಯಾಳಿ ಅಧಿಕಾರಿ ಫೋನಿನಲ್ಲಿ ‘ಸಂಸಾರ ಮಾಡೋಣ’ ಎಂದನಂತೆ ಎಂಬ ಹಳೆಯ ಜೋಕಿಗೆ ನಾನೂ ನೂರು ಸಲ ನಕ್ಕಿದ್ದೇನೆ. ಒಬ್ಬ ಮನುಷ್ಯನ ಮೂರು ವರ್ಷ ಅದರೊಳಗೆ ಸಿಕ್ಕಿಹಾಕಿಕೊಂಡದ್ದನ್ನು ಕಂಡದ್ದು ಆಗಲೇ.

ಜತೆಗೆ ಬಂದವರು ಯಾರೆಂದು ಸಂಜೀವರನ್ನೇ ಕೇಳಿ, ಮರುದಿನ ಕುಂಬಳೆಗೆ ಹೋದೆ. ಪಕ್ಕದ ಚಪ್ಪಲಿ ಅಂಗಡಿಯ ಗೋಪಾಲಣ್ಣ. ಸಂಜೀವ ಊಟ ಬಿಟ್ಟು ಹೈವೇಯಲ್ಲಿ ನಡೆಯತೊಡಗಿದಾಗ ಆಸ್ಪತ್ರೆಗೆ ತೋರಿಸಿ, ಅಲ್ಲಿಯವರು ಹೇಳಿದ ಈ ಕೇಂದ್ರಕ್ಕೆ ಕಾರು ಮಾಡಿ ಕರೆದುಕೊಂಡು ಹೋದದ್ದು ಅವರೇ. ಹಾಳೆಯ ವಿಷಯ ಹೇಳಿದಾಗ ಅವರು ತಲೆಗೆ ಕೈ ಇಟ್ಟರು.

“ಅಯ್ಯೋ ದೇವರೇ, ನನಗೆ ಮಲಯಾಳ ಬಾರದ್ದಲ್ಲ ಮಾರಾಯ್ರೇ. ಆ ಹೊತ್ತಿನ ಗಡಿಬಿಡಿಯಲ್ಲಿ ಬಾಯಿಗೆ ಕನ್ನಡ ಬಂತು. ‘ಇವನಿಗೆ ಸಂಸಾರ ಇಲ್ಲ’ ಅಂತ ಹೇಳಿದ್ದು ಹೌದು. ಇವ ಕಲ್ಲಿನ ಹಾಗೆ ಕೂತಿದ್ದ. ಆ ಕ್ಲಾರ್ಕ್ ಇವನ ಮುಖ ನೋಡಿದ, ಬರೆದ.”

ಕ್ಲಾರ್ಕ್ ದಕ್ಷಿಣದ ಜಿಲ್ಲೆಯೊಂದರಿಂದ ಬಂದು ವಾರವಾಗಿತ್ತಷ್ಟೆ. ಅವನ ಎದುರಿಗೆ ಮಾತಾಡದ ಒಬ್ಬ ಮನುಷ್ಯ, ಪಕ್ಕದಲ್ಲಿ ‘ಸಂಸಾರ ಇಲ್ಲ’ ಎನ್ನುವ ಇನ್ನೊಬ್ಬ. ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ. ಗೋಪಾಲಣ್ಣ ಆಮೇಲೆ ಎರಡು ಸಲ ನೋಡಲು ಹೋದರಂತೆ. ಒಮ್ಮೆ ಸಂಜೀವ ಮಲಗಿದ್ದರು, ಇನ್ನೊಮ್ಮೆ ಕೋವಿಡ್ ಎಂದು ಗೇಟಿನಿಂದಲೇ ಕಳಿಸಿದರು. ಹೊಲಿಗೆ ಮಿಷಿನ್ ಮಾತ್ರ ಚಪ್ಪಲಿ ಡಬ್ಬಗಳ ಹಿಂದೆ, ಗೋಣಿ ಹೊದೆಸಿ ಇಟ್ಟಿದ್ದರು. “ಬಂದ್ರೆ ಹಿಂದಿನ ಕೋಣೆ ಖಾಲಿ ಉಂಟು. ನಾನು ಅವನ ಸಂಬಂಧಿಕ ಅಲ್ಲ. ಹಾಗೆ ಬಿಡ್ತಾರಾ?” ಎಂದು ಕೇಳಿದರು.

ಬಿಡಬೇಕು ಎಂದು ಕಾನೂನು ಹೇಳುತ್ತದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಕುಟುಂಬವಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಇಂಥ ಕೇಂದ್ರದಲ್ಲಿ ಇಟ್ಟುಕೊಳ್ಳುವಂತಿಲ್ಲ. ತನ್ನ ಚಿಕಿತ್ಸೆಯ ಬಗ್ಗೆ ತೀರ್ಮಾನವನ್ನು ಒಬ್ಬರು ಮಾತಿನಲ್ಲೇ ತಿಳಿಸಬೇಕೆಂದೂ ಇಲ್ಲ. ಸನ್ನೆ ಸಾಕು, ಮುಖಭಾವ ಸಾಕು. ಅಂದರೆ ಆ ಹಾಳೆಯನ್ನು ಕನ್ನಡದಲ್ಲಿ ಓದಿದರೂ ಮಲಯಾಳದಲ್ಲಿ ಓದಿದರೂ ಸಂಜೀವರನ್ನು ಕೇಳದೆ ಎಲ್ಲಿಗೂ ಕಳಿಸುವ ಹಕ್ಕು ಯಾರಿಗೂ ಇರಲಿಲ್ಲ. ಪಂಚಾಯತ್ ಮೆಂಬರ್‌ಗಳಿಗೆ ಟ್ರೈನಿಂಗ್ ಕೊಡುವಾಗ ಇದನ್ನು ಬಾಯಿಪಾಠ ಒಪ್ಪಿಸುತ್ತಿದ್ದವಳು ನಾನು.

ವರ್ಗಾವಣೆಗೆ ಒಂಬತ್ತು ದಿನ ಉಳಿದಿತ್ತು. ಕೊಟ್ಟ ಅಭಿಪ್ರಾಯವನ್ನು ಹಿಂದೆಗೆದುಕೊಳ್ಳುತ್ತೇನೆಂದು ಕೇಂದ್ರ ಕಚೇರಿಗೆ ಬರೆದೆ. ಸಂಸ್ಥೆಯ ಮರ್ಯಾದೆ ಹೋಗುತ್ತದೆ, ‘ಹೊಸ ಮಾಹಿತಿ ಲಭ್ಯವಾಗಿದೆ’ ಎಂದಷ್ಟೇ ಬರೆಯಿರಿ ಎಂದು ಉತ್ತರ ಬಂತು. ಹೊಸ ಮಾಹಿತಿ ಯಾವುದೂ ಇರಲಿಲ್ಲ, ಮೂರು ವರ್ಷದಿಂದ ಅದೇ ಬೆಂಚಿನ ಮೇಲೆ ಕುಳಿತಿತ್ತು. ‘ನಾನು ಅವರೊಡನೆ ಮಾತಾಡದೆ ಸಹಿ ಹಾಕಿದ್ದೇನೆ’ ಎಂದೇ ಬರೆದು ಕಳಿಸಿದೆ. ಅದಕ್ಕೆ ನನಗೊಂದು ವಿವರಣೆ ಕೇಳುವ ಪತ್ರವೂ ಬಂತು, ಅದಿರಲಿ.

ಸಮಿತಿ ವಿದ್ಯಾನಗರದ ಸಿವಿಲ್ ಸ್ಟೇಷನ್‌ನಲ್ಲಿ ಸೇರಿತು. ಮೂರು ಮಂದಿ. ಅಧ್ಯಕ್ಷರು ಮಲಯಾಳಿ, ಕನ್ನಡ ಬಾರದು. ನಾನು ದುಭಾಷಿ. ಕೇಂದ್ರದವರು ಇಸ್ತ್ರಿ ಹಾಕಿ ಕೊಟ್ಟ ಬಿಳಿ ಅಂಗಿ ಹಾಕಿಕೊಂಡು ಸಂಜೀವ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಅಧ್ಯಕ್ಷರು ಮೆಲ್ಲಗೇ ಕೇಳಿದರು: ಹೆಸರೇನು, ಇಲ್ಲಿಂದ ಎಲ್ಲಿಗೆ ಹೋಗಬೇಕೆಂದಿದ್ದೀರಿ? ನಾನು ತುಳುವಿನಲ್ಲಿ ಕೇಳಿದೆ. ಉತ್ತರವಿಲ್ಲ. ಮತ್ತೆ ಕನ್ನಡದಲ್ಲಿ ಕೇಳಿದೆ. ಅವರು ಮೇಜಿನ ಮೇಲಿನ ಗಾಜನ್ನು ನೋಡುತ್ತಿದ್ದರು. ಗೋಡೆಯ ಬದಿಯಲ್ಲಿ ನಿಂತಿದ್ದ ಗೋಪಾಲಣ್ಣ ಕೆಮ್ಮಿದರು. ಸದಸ್ಯರೊಬ್ಬರು ನನ್ನ ಕಡೆ ನೋಡಿದ ರೀತಿಯಲ್ಲೇ ಅವರಿಗೆ ಏನನ್ನಿಸುತ್ತಿದೆ ಎಂದು ಗೊತ್ತಾಯಿತು: ಈ ಟೀಚರಿಗೆ ಭ್ರಮೆ. ನಾನು ಸಂಜೀವರ ಪರವಾಗಿ ಹೇಳಿಬಿಡಬಹುದಿತ್ತು. ಬಾಯಿಯ ತುದಿಗೇ ಬಂದಿತ್ತು. ಹಲ್ಲು ಕಚ್ಚಿ ಸುಮ್ಮನಿದ್ದೆ.

ಆಗ ಸಮಿತಿಯ ಕ್ಲಾರ್ಕ್ ಎದ್ದು ಬಂದು, ಕ್ರಮದಂತೆ ವರ್ಗಾವಣೆಯ ಕಾಗದವನ್ನು ಸಂಜೀವರ ಮುಂದಿಟ್ಟು, ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು “ಒಪ್ಪು” ಎಂದರು. ಮಲಯಾಳದಲ್ಲಿ ಒಪ್ಪು ಎಂದರೆ ಸಹಿ.

ಸಂಜೀವ ತಲೆ ಎತ್ತಿದರು. “ಒಪ್ಪುದಿಲ್ಲ” ಎಂದರು ಕನ್ನಡದಲ್ಲಿ.

ನಾನು ಅನುವಾದಿಸಲು ಬಾಯಿ ತೆರೆದೆ. ಅಧ್ಯಕ್ಷರು ಕೈ ಎತ್ತಿ, ಬೇಡ, ತಿಳಿಯಿತು ಎಂದರು. ಸಹಿ ಹಾಕುವುದಿಲ್ಲ ಎಂದು ಅವರಿಗೆ ಕೇಳಿಸಿತ್ತು. ಸಮ್ಮತಿ ಇಲ್ಲ ಎಂದು ಇವರು ಹೇಳಿದ್ದರು. ಈ ಸಲ ಯಾವ ಭಾಷೆಯಲ್ಲಿ ತಗೊಂಡರೂ ನಷ್ಟವಿರಲಿಲ್ಲ.

ಆಮೇಲೆ ಸಂಜೀವ ನಿಲ್ಲಿಸಲಿಲ್ಲ. “ಕುಂಬಳೆಗೆ ಹೋಗ್ತೇನೆ. ಮಿಷಿನ್ ಉಂಟು, ಇರ್ಲಿಕ್ಕೆ ಕೋಣೆ ಉಂಟು. ಮಾತ್ರೆ ನಾನೇ ತಗೊಳ್ತೇನೆ. ಹೆಂಡತಿ ಮಕ್ಕಳಿಲ್ಲ, ಅದು ಸರಿ. ಗಿರಾಕಿಗಳಿದ್ದಾರಲ್ಲ.” ಇದನ್ನು ನಾನು ಒಂದು ಶಬ್ದ ಕೂಡಿಸದೆ, ಕಳೆಯದೆ ಮಲಯಾಳಕ್ಕೆ ಹೇಳಿದೆ.

ಬಿಡುಗಡೆಯ ಆದೇಶವಾಯಿತು. ಅವರು ಕುಂಬಳೆಗೆ ಹೋದರು. ಮೊದಲ ವರ್ಷ ಒಮ್ಮೆ ಮಾತ್ರೆ ತಪ್ಪಿ ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಎಲ್ಲವೂ ಸುಖಾಂತ್ಯ ಎಂದು ಬರೆಯುವ ಅಭ್ಯಾಸ ನನಗಿಲ್ಲ.

ನಾನು ನಿವೃತ್ತಳಾಗಿ ಒಂದು ವರ್ಷವಾಯಿತು. ಹೊಸದಾಗಿ ಈ ಕೆಲಸಕ್ಕೆ ಬಂದವರು ಏನಾದರೂ ಹೇಳಿ ಎಂದು ಕೇಳುತ್ತಾರೆ. ಇನ್ನೊಬ್ಬರ ಪರವಾಗಿ ಮಾತಾಡುವ ಕೆಲಸದಲ್ಲಿ ಇರುವ ಅಪಾಯ ಇದೊಂದೇ ಎನ್ನುತ್ತೇನೆ: ಮಾತಾಡಿ ಮಾತಾಡಿ, ಆ ಇನ್ನೊಬ್ಬರು ಪಕ್ಕದಲ್ಲೇ ಕುಳಿತಿದ್ದಾರೆಂಬುದು ಮರೆತುಹೋಗುತ್ತದೆ.

ಪಟ್ಟಿಯಲ್ಲಿ ಇನ್ನೂ ಆರು ಮಂದಿ ಇದ್ದರಲ್ಲ. ಅವರನ್ನು ಇನ್ನೂ ಕಳಿಸಿರಲಿಲ್ಲ. ಸಮಿತಿ ಸೇರಿದ ಮರುದಿನವೇ ಅವರ ಬಳಿಗೆ ಹೋಗಿ ಒಬ್ಬೊಬ್ಬರ ಪಕ್ಕದಲ್ಲಿ ಅರ್ಧರ್ಧ ಗಂಟೆ ಕುಳಿತೆ. ನನಗೆ ಬರುವ ಭಾಷೆಗಳಲ್ಲೆಲ್ಲ ಕೇಳಿದೆ. ಇನ್ನೊಂದು ಪವಾಡವೇನೂ ಆಗಲಿಲ್ಲ, ಅವರಿಗೆ ನಿಜಕ್ಕೂ ಮಾತಿರಲಿಲ್ಲ. ವರ್ಗಾವಣೆಯ ಕಾಗದ ತೋರಿಸಿ, ದೂರ ಹೋಗುವುದನ್ನು ಕೈಯಲ್ಲಿ ವಿವರಿಸಿದೆ. ಐವರು ಸುಮ್ಮನಿದ್ದರು. ಆರನೆಯವರು ಎಪ್ಪತ್ತರ ಒಬ್ಬ ಹೆಂಗಸು. ಅವರು ಕಾಗದವನ್ನು ಸ್ವಲ್ಪ ಹೊತ್ತು ನೋಡಿ, ಒಂದೇ ಬೆರಳಿನಿಂದ ಅದನ್ನು ಮೆಲ್ಲಗೆ ನನ್ನ ಕಡೆಗೆ ತಳ್ಳಿದರು. ನಾನು ಫಾರಂ ತೆಗೆದು ‘ಒಪ್ಪಿಲ್ಲ’ ಎಂದು ಬರೆದೆ.