ಅಲ್ಲಾಡಿಸಿ ಆರಿಸಿದ ಕಂಪ್ಯೂಟರು

ಒಂದೇ ಘಟನೆಯನ್ನು ಮೂರು ಸಲ ನೆನಪಿಸಿಕೊಂಡರೆ ಮೂರನೆಯ ಸಲಕ್ಕೆ ಅದರಲ್ಲಿ ನಾನು ಬಹಳ ಜಾಣೆಯಾಗಿಬಿಟ್ಟಿರುತ್ತೇನೆ. ಮೊದಲ ಸಲ ಬಾಯಿ ತೆರೆದುಕೊಂಡು ನಿಂತಿದ್ದವಳು ಎರಡನೆಯ ಸಲ ಏನೋ ಯೋಚಿಸುತ್ತ ನಿಂತಿರುತ್ತೇನೆ. ಮೂರನೆಯ ಸಲ ಎಲ್ಲರಿಗೂ ಸಲಹೆ ಕೊಡುತ್ತಿರುತ್ತೇನೆ. ಆದ್ದರಿಂದ ನನ್ನ ಮಗಳ ಮೊದಲ ಕಂಪ್ಯೂಟರಿಗೆ ಬಿಡಿಭಾಗ ಆರಿಸಿದ ಕಥೆಯನ್ನು ಆದಷ್ಟೂ ಮೊದಲ ಸಲದ ನೆನಪಿನಿಂದಲೇ ಹೇಳಲು ಪ್ರಯತ್ನಿಸುತ್ತೇನೆ. ನಡುವೆ ಎಲ್ಲಾದರೂ ನಾನು ಜಾಣೆಯಾಗಿ ಕಂಡರೆ ನೀವು ಧಾರಾಳವಾಗಿ ಅನುಮಾನಿಸಬಹುದು.

ಹೊಸ ಶತಮಾನ ಬಂದು ಮೂರೋ ನಾಲ್ಕೋ ವರ್ಷವಾಗಿತ್ತು. ನಾನು ಅರಸೀಕೆರೆಯಿಂದ ಜಾವಗಲ್ ದಾರಿಯ ಬಸ್ಸು ಹಿಡಿದು ದಿನಾ ಹಳೇಬೀಡಿಗೆ ಹೋಗಿ ಹೈಸ್ಕೂಲಿನ ಮಕ್ಕಳಿಗೆ ಸಮಾಜ ಪಾಠ ಹೇಳುತ್ತಿದ್ದೆ. ಮಗಳು ಭುವನಾಗೆ ಹತ್ತು ವರ್ಷ. ನಮ್ಮ ಮನೆಯವರು ರೈಲ್ವೆಯಲ್ಲಿ. ಈ ಕಥೆಯಲ್ಲಿ ಅವರು ಬರುವುದಿಲ್ಲ, ಡ್ಯೂಟಿಯ ಮೇಲಿದ್ದರು. ಬೇಲೂರಿನಲ್ಲಿ ನನ್ನ ಅಕ್ಕನ ಮನೆ. ಅಲ್ಲಿ ಆಗಲೇ ಕಂಪ್ಯೂಟರು ಬಂದಿತ್ತು. ಅದಕ್ಕೊಂದು ಕೋಣೆ, ಕೋಣೆಯ ಹೊರಗೆ ಚಪ್ಪಲಿ, ಕಂಪ್ಯೂಟರಿನ ಮೇಲೆ ಅಕ್ಕ ತಾನೇ ಕಸೂತಿ ಹಾಕಿದ ಹೊದಿಕೆ. ರಜೆಯಲ್ಲಿ ಹೋದಾಗಲೆಲ್ಲ ಅಕ್ಕನ ಮಗ ತೇಜಸ್ ಕೀಬೋರ್ಡಿನ ಮುಂದೆ ಕೂರುತ್ತಿದ್ದ. ಭುವನಾ ಅವನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಸಿಡಿಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಕೊಡುತ್ತಿದ್ದಳು. ಎರಡು ಬೇಸಿಗೆ ರಜೆ, ಒಂದು ದಸರಾ ರಜೆ ಅವಳು ಸಿಡಿ ಒರೆಸಿದಳು. ಅವಳ ಸರದಿ ಬರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು, ಇಲ್ಲವೇ ಊಟಕ್ಕೆ ಕರೆಯುತ್ತಿದ್ದರು.

ಆ ವರ್ಷ ಅವರ ಮನೆಗೆ ಒಂದು ಹೊಸ ಕಾರ್ ರೇಸಿನ ಆಟ ಬಂತು. ಅದಕ್ಕೆಂದೇ ಭಾವ ಹಾಸನದಿಂದ ಗ್ರಾಫಿಕ್ಸ್ ಕಾರ್ಡೊಂದನ್ನೂ ತಂದು ಹಾಕಿಸಿದರು. ಆದರೆ ರೇಸು ಶುರುವಾಗಿ ಕಾರುಗಳು ಹೊರಟವು ಅನ್ನುವಷ್ಟರಲ್ಲಿ ಕಂಪ್ಯೂಟರು ಪಕ್ಕೆಂದು ಆರಿ, ತಾನೇ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಹತ್ತಿಪ್ಪತ್ತು ಸಲ ಹೀಗಾದ ಮೇಲೆ ಭಾವ ಸಿಡಿಯೇ ಸರಿ ಇಲ್ಲವೆಂದು ತೀರ್ಪು ಕೊಟ್ಟರು. ತೇಜಸ್ ದೊಡ್ಡ ಮನಸ್ಸು ಮಾಡಿ ಅದನ್ನು ಭುವನಾಗೆ ದಾನ ಮಾಡಿದ.

"ತಗೊಳ್ಳೇ, ನೀನೇ ಇಟ್ಕೊ. ನಮ್ದ್ರಲ್ಲೇ ಓಡ್ಲಿಲ್ಲ. ನಿಮ್ಮನೇಲಿ ಹೆಂಗೂ ಕಂಪ್ಯೂಟರೇ ಇಲ್ವಲ್ಲ!"

ಬೇಲೂರಿನಿಂದ ಅರಸೀಕೆರೆಯವರೆಗೆ ಬಸ್ಸಿನಲ್ಲಿ ಭುವನಾ ಆ ಸಿಡಿಯ ಡಬ್ಬಿಯ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿದ್ದುದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು. ಇಂಥ ಪ್ರೊಸೆಸರ್, ಇಷ್ಟು ರ‍್ಯಾಮ್, ಗ್ರಾಫಿಕ್ಸ್ ಕಾರ್ಡಿಗೆ ಅದರದೇ ಬೇರೆ ಇಷ್ಟು ಮೆಮೊರಿ. ಮನೆಗೆ ಬಂದು ಆ ಹಾಳೆಯನ್ನು ನನ್ನ ಮುಂದೆ ಹಿಡಿದಾಗ ಅವಳ ಮುಖದಲ್ಲಿದ್ದದ್ದು ಹಟವಲ್ಲ. ಹಟವಾಗಿದ್ದರೆ ಬೈದು ಕಳಿಸಬಹುದಾಗಿತ್ತು. ನಾನು ಒಪ್ಪಿಕೊಂಡೆ. ಸುದ್ದಿ ಬೇಲೂರಿಗೂ ಮುಟ್ಟಿತು. ಮುಂದಿನ ಭಾನುವಾರ ನಾವೆಲ್ಲ ನೋಡೋಕೆ ಬರ್ತೀವಿ ಎಂದು ಭಾವ ಫೋನಿನಲ್ಲಿ ನಕ್ಕರು. ಭಾವನ ನಗೆಯನ್ನು ನಾನು ಬಲ್ಲೆ.

ಸ್ಟೇಷನ್ ರಸ್ತೆಯಲ್ಲಿ ಫಯಾಜನ ಅಂಗಡಿ ಇತ್ತು. ರೇಡಿಯೊ, ಟಿವಿ ರಿಪೇರಿಯಿಂದ ಆಗಷ್ಟೇ ಕಂಪ್ಯೂಟರಿಗೆ ಬಡ್ತಿ ಪಡೆದಿದ್ದ ಅಂಗಡಿ. ಭಾಗಗಳನ್ನು ನಾವು ಆರಿಸಬಹುದು, ಅವನು ಜೋಡಿಸಿಕೊಡುತ್ತಿದ್ದ. ನಾವು ಮೂವರು ಹೋದೆವು: ಭುವನಾ, ನಾನು, ನಮ್ಮಪ್ಪ. ಅಪ್ಪ ಏಕೆಂದರೆ, ನಮ್ಮ ಮನೆತನದಲ್ಲಿ ಕುಕ್ಕರಿನಿಂದ ಹಿಡಿದು ಅಳಿಯಂದಿರವರೆಗೆ ಅವರು ಪರೀಕ್ಷೆ ಮಾಡದೆ ತಂದದ್ದು ಯಾವುದೂ ಇಲ್ಲ.

ನಾನೂ ಒಂದು ಪಟ್ಟಿ ಒಯ್ದಿದ್ದೆ. ಅದರಲ್ಲಿ ಕೀಬೋರ್ಡ್ ಎಳೆಯುವ ಹಲಗೆಯಿರುವ ಮೇಜು, ಧೂಳಿನ ಹೊದಿಕೆ, ಮೈಕು ಇದ್ದವು ಎಂದು ಹೇಳಲು ಸಂಕೋಚವಾಗುತ್ತದೆ. ಇವೆಲ್ಲದರ ಜೊತೆಗೆ "ದೊಡ್ಡ ಮೆಮೊರಿ" ಎಂದು ಬರೆದು ಅಡಿಗೆರೆ ಎಳೆದಿದ್ದೆ. ದೊಡ್ಡ ಹಾರ್ಡ್‌ಡಿಸ್ಕ್ ತೆಗೆದುಕೊಂಡರೆ ಭುವನಾಳ ಪಟ್ಟಿಯ ಎಲ್ಲ ಮೆಮೊರಿಗೂ ಒಮ್ಮೆಲೇ ಉತ್ತರ ಕೊಟ್ಟಂತಾಯಿತು ಎಂದುಕೊಂಡಿದ್ದೆ. ಫಯಾಜ್ ತಾಳ್ಮೆಯಿಂದ ವಿವರಿಸಿದ: "ಮೇಡಂ, ಹಾರ್ಡ್‌ಡಿಸ್ಕ್ ಅನ್ನೋದು ಕಪಾಟು, ಆಫ್ ಮಾಡಿದ್ರೂ ಇರುತ್ತೆ. ರ‍್ಯಾಮ್ ಆಫ್ ಮಾಡಿದ್ ತಕ್ಷಣ ಎಲ್ಲಾ ಮರ್ತುಬಿಡುತ್ತೆ. ಗ್ರಾಫಿಕ್ಸ್ ಮೆಮೊರಿ ಬರೀ ಚಿತ್ರಕ್ಕೆ." ನನಗೆ ಕಂಪ್ಯೂಟರಿನ ಮೇಲೆ ಗೌರವ ಹುಟ್ಟಿದ್ದೇ ಆಗ. ಅದು ಇಟ್ಟುಕೊಂಡರೆ ಇದ್ದದ್ದನ್ನು ಇದ್ದ ಹಾಗೆ ಇಟ್ಟುಕೊಳ್ಳುತ್ತದೆ, ಮರೆತರೆ ಪೂರ್ತಿ ಮರೆಯುತ್ತದೆ. ನನ್ನ ನೆನಪಿನ ಹಾಗೆ ಅರ್ಧ ಮರೆತು, ಉಳಿದರ್ಧಕ್ಕೆ ಬಣ್ಣ ಹಚ್ಚಿ ಇಡುವ ಜಾತಿಯದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಇದ್ದ ದುಡ್ಡಿನಲ್ಲಿ ಕಾರ್ಡು ಬೇಕಾದರೆ ಮೇಜು ಬಿಡಬೇಕಾಗಿತ್ತು. ಬಿಟ್ಟೆ. ಕಂಪ್ಯೂಟರನ್ನು ನನ್ನ ಹೊಲಿಗೆ ಮಷಿನ್ನಿನ ಮೇಜಿನ ಮೇಲಿಡುವುದೆಂದಾಯಿತು. ಪ್ರೊಸೆಸರ್, ರ‍್ಯಾಮ್, ಕಾರ್ಡು ಎಲ್ಲ ಭುವನಾಳ ಹಾಳೆಯ ಪ್ರಕಾರ ಒಂದೊಂದಾಗಿ ಕೌಂಟರಿನ ಮೇಲೆ ಬಂದವು. ಅಪ್ಪ ಒಂದೊಂದನ್ನೂ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡತೊಡಗಿದರು.

ಇಲ್ಲಿ ಅಪ್ಪನ ವಿಷಯ ಸ್ವಲ್ಪ ಹೇಳಬೇಕು. ಅವರು ನಲವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಕೂತವರು. ನಮ್ಮ ಕಡೆ ಉಂಡೆ ಕೊಬ್ಬರಿಗೆ ತೆಂಗಿನಕಾಯಿಯನ್ನು ಒಡೆಯದೆ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಹೊರಗಿನಿಂದ ಕಾಣುವುದಿಲ್ಲ, ಅಲ್ಲಾಡಿಸಿ ಕೇಳಬೇಕು. ಲೊಳಲೊಳ ಎಂದರೆ ಇನ್ನೂ ನೀರಿದೆ. ಮೌನವಾಗಿದ್ದರೆ ತಿರುಳು ಚಿಪ್ಪಿಗೆ ಅಂಟಿದೆ. ಗಡಗಡ ಎಂದರೆ ಬಲಿತಿದೆ, ಒಡೆಯಬಹುದು. ಅಪ್ಪ ಕಣ್ಣು ಮುಚ್ಚಿಕೊಂಡು ಇದನ್ನು ಹೇಳುತ್ತಿದ್ದರು. ಅಂಥವರ ಕೈಗೆ ರ‍್ಯಾಮು ಸಿಕ್ಕಿತ್ತು. ಅದು ಏನೂ ಅನ್ನಲಿಲ್ಲ. ಹಾರ್ಡ್‌ಡಿಸ್ಕನ್ನು ಅಲ್ಲಾಡಿಸಲು ಹೋದಾಗ ಫಯಾಜ್ ಎರಡೂ ಕೈ ಚಾಚಿ ಹೆಚ್ಚುಕಡಿಮೆ ಕೌಂಟರ್ ಹಾರಿಯೇಬಿಟ್ಟ.

"ಯಜಮಾನ್ರೇ, ಯಜಮಾನ್ರೇ! ಅದು ಕಾಯಲ್ಲ!"

"ಕಾಯಿ ಅಲ್ಲ ಅಂತ ನಂಗೂ ಗೊತ್ತಯ್ಯ. ಒಳಗೇನೈತೆ ಅಂತ ಮುಚ್ಚಿಟ್ಟಿರೋದೆಲ್ಲ ಕಾಯೇ."

ಕೊನೆಗೆ ಉಳಿದದ್ದು ಎಸ್‌ಎಂಪಿಎಸ್ಸು. ಗೋಡೆಯ ಕರೆಂಟನ್ನು ಪಳಗಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ ತಗಡಿನ ಡಬ್ಬಿ. ಅದನ್ನು ಯಾರೂ ಆರಿಸುತ್ತಿರಲಿಲ್ಲ. ಎಲ್ಲ ಭಾಗ ಕೂರಿಸುವ ಕ್ಯಾಬಿನೆಟ್ಟಿನ ಜೊತೆ ಯಾವುದು ಬರುತ್ತದೋ ಅದೇ. ಭುವನಾಳ ಹಾಳೆಯಲ್ಲೂ ಅದರ ಹೆಸರಿರಲಿಲ್ಲ. ಆದರೆ ಅಪ್ಪ ಅದನ್ನೂ ಎತ್ತಿದರು. ಎತ್ತಿದವರೇ ಮುಖ ಸಿಂಡರಿಸಿದರು.

"ಇದು ಹಗುರ ಐತೆ. ಬ್ಯಾರೆ ತೆಗಿ."

"ಅದರ ಮೇಲೆ ಬರೆದಿರೋದ್ ನೋಡಿ ಯಜಮಾನ್ರೇ, ದೊಡ್ಡ ಪವರ್ರು."

"ಚೀಟಿ ಮೇಲೆ ಬರ್ಯಾಕೆ ಏನಂತೆ? ಚೀಲದ ಮೇಲೆ ನಾನೂ ಬರೀತೀನಿ."

ಫಯಾಜ್ ಒಳಗಿನಿಂದ ಬೇರೊಂದನ್ನು ತಂದ. ಚೀಟಿಯಲ್ಲಿ ಕಡಿಮೆ ಬರೆದಿತ್ತು. ತೂಕ ಮಾತ್ರ ಒಂದೂವರೆಪಟ್ಟು. ಅಪ್ಪ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗೆ ಗಡಗಡ ಎಂದಿತು. ಅವರ ಮುಖದಲ್ಲಿ ಮಂಡಿಯ ಹಳೆಯ ನಗು ಬಂತು. "ಇದು ಬಲ್ತೈತೆ. ಇದನ್ನೇ ಹಾಕು."

ಫಯಾಜ್ ತಲೆಯ ಮೇಲೆ ಕೈ ಹೊತ್ತ. ಇಂಥ ಡಬ್ಬಿಯ ಒಳಗೆ ಸದ್ದು ಬಂದರೆ ಏನೋ ಕಳಚಿಕೊಂಡಿದೆ ಎಂದರ್ಥ, ಕರೆಂಟು ಕೊಟ್ಟರೆ ಢಮ್ಮೆನ್ನುತ್ತದೆ ಎಂದ. ಸದ್ದು ಬಂದದ್ದೇ ಒಳ್ಳೆಯದು ಎಂದು ಅಪ್ಪ. ಹಗುರವಾದದ್ದರಲ್ಲಿ ಸದ್ದಿಲ್ಲ, ಅದೇ ಇರಲಿ ಎಂದು ನಾನು. ಇದು ಮೊದಲ ಸಲದ ನೆನಪು, ನಂಬಬಹುದು: ನಾನು ತಪ್ಪು ಪಕ್ಷದಲ್ಲಿದ್ದೆ.

ಆಗ ಭುವನಾ ಹೇಳಿದಳು, "ಅಂಕಲ್, ಎರಡನ್ನೂ ಬಿಚ್ಚಿ."

ಬಿಚ್ಚಿದ. ಭಾರವಾದದ್ದರೊಳಗೆ ದಪ್ಪ ತಂತಿಯ ಸುರುಳಿಗಳು, ಬಿಸಿ ಹೊರಹಾಕುವ ಅಲ್ಯುಮಿನಿಯಮ್ಮಿನ ದಪ್ಪ ಹಲ್ಲುಗಳು, ಜೊತೆಗೆ ಯಾರೋ ಬೀಳಿಸಿ ಮರೆತ ಒಂದು ತುಂಡು ಸ್ಕ್ರೂ. ಹಗುರವಾದದ್ದರೊಳಗೆ ಬಿಡಿಭಾಗಗಳನ್ನು ಕೂರಿಸಬೇಕಾದ ತೂತುಗಳಿದ್ದವು, ಬಿಡಿಭಾಗಗಳಿರಲಿಲ್ಲ. ಸಾಲುಸಾಲಾಗಿ ಖಾಲಿ ಜಾಗ. ಫಯಾಜ್ ಆ ತೂತುಗಳ ಮೇಲೆ ಬೆರಳಾಡಿಸಿ, "ನಾನೂ ಇದನ್ನ ಬಿಚ್ಚಿ ನೋಡಿರ್ಲಿಲ್ಲ ಮೇಡಂ. ಕಾರ್ಡು ಜೋರಾಗಿ ಕರೆಂಟು ಎಳೆದ್ರೆ ಇದು ಆಫ್ ಆಗಿಬಿಡ್ತಿತ್ತು" ಎಂದ. ಅಪ್ಪ ಮಾತ್ರ ಸ್ಕ್ರೂ ತೆಗೆಯಲು ಬಿಡಲಿಲ್ಲ. "ಸದ್ದೇ ತೆಗೆದ್ಬಿಟ್ರೆ ಇನ್ನೇನುಳೀತು ಅದ್ರಾಗೆ?"

ಅವರನ್ನು ಒಪ್ಪಿಸಿದ್ದು ಭುವನಾ. ಹಿಂದಿನ ತಿಂಗಳು ನನ್ನ ಶಾಲೆಯ ಮಕ್ಕಳ ಜೊತೆ ಅವಳನ್ನೂ ಹಳೇಬೀಡಿನ ದೇವಸ್ಥಾನಕ್ಕೆ ಕರೆದೊಯ್ದಿದ್ದೆ. ಗೋಡೆಯ ಕೆಳಗಿನ ಪಟ್ಟಿಕೆಗಳನ್ನು ತೋರಿಸಿ, ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಭಾರ ಹೊರಲು. ಅದರ ಮೇಲೆ ಸಿಂಹಗಳು, ಧೈರ್ಯಕ್ಕೆ. ಅದಕ್ಕೂ ಮೇಲೆ ಕುದುರೆಗಳು, ವೇಗಕ್ಕೆ ಎಂದು ಪ್ರತಿವರ್ಷದ ಪಾಠ ಒಪ್ಪಿಸಿದ್ದೆ. ಅಂಗಡಿಯಲ್ಲಿ ಭುವನಾ ಅದನ್ನೇ ತಾತನ ಮುಂದೆ ಇಟ್ಟಳು.

"ತಾತ, ಈ ಡಬ್ಬಿ ಆನೆ. ಪ್ರೊಸೆಸರ್ ಸಿಂಹ. ಕಾರ್ಡು ಕುದುರೆ. ನೀನು ಗಟ್ಟಿ ಆನೆ ಆರಿಸಿದ್ಯ. ಆನೆ ಕಾಲಲ್ಲಿರೋ ಮುಳ್ಳು ಮಾತ್ರ ತೆಗಿಯೋಣ, ಅಷ್ಟೇ."

ಹತ್ತು ವರ್ಷದ ಹುಡುಗಿ ಇಷ್ಟು ಚೆನ್ನಾಗಿ ಮಾತಾಡುತ್ತಾಳೆಯೇ? ಮುಳ್ಳಿನ ಮಾತು ನಾನು ಮೂರನೆಯ ಸಲ ನೆನೆಯುವಾಗ ಸೇರಿಸಿದ್ದಿರಬಹುದು. ಆನೆಯಂತೂ ಅವಳದೇ. ಏಕೆಂದರೆ ಆ ಕಾಲದ ಕ್ಯಾಬಿನೆಟ್ಟಿನಲ್ಲಿ ಆ ಡಬ್ಬಿಯನ್ನು ಎಲ್ಲಕ್ಕಿಂತ ಮೇಲೆ ತೂಗುಹಾಕುತ್ತಿದ್ದರು. ನಾನಾಗಿದ್ದರೆ ಆನೆಯನ್ನು ಕೆಳಗೇ ಇಟ್ಟು ಹೋಲಿಕೆ ಸರಿಮಾಡುತ್ತಿದ್ದೆ. ಆನೆ ಸೂರಿಗೆ ನೇತಾಡುವುದನ್ನು ಕಂಡಿದ್ದರೆ ಹೊಯ್ಸಳರ ಶಿಲ್ಪಿ ಉಳಿ ಕೆಳಗಿಟ್ಟು ಮನೆಗೆ ಹೋಗುತ್ತಿದ್ದ. ಅಪ್ಪ ಮಾತ್ರ ಮೊಮ್ಮಗಳ ಮಾತಿಗೆ ತಲೆಯಾಡಿಸಿದರು. ಸ್ಕ್ರೂ ಹೊರಬಂತು, ಡಬ್ಬಿ ಒಳಹೋಯಿತು.

ಭಾನುವಾರ ಬೇಲೂರಿನವರು ಹತ್ತು ಗಂಟೆಗೇ ಬಂದರು. ಅಕ್ಕ ನಮಗೂ ಒಂದು ಕಸೂತಿ ಹೊದಿಕೆ ತಂದಿದ್ದಳು. ಭಾವ ಕುರ್ಚಿ ಎಳೆದುಕೊಂಡು ಕೈಕಟ್ಟಿ ಕೂತರು. ಹೊಲಿಗೆ ಮಷಿನ್ನಿನ ಮೇಲೆ ಹಿಂದಿನ ರಾತ್ರಿಯಷ್ಟೇ ಬಂದ ಕಂಪ್ಯೂಟರು, ಅದರ ಹಣೆಗೆ ಅಪ್ಪ ಹಚ್ಚಿದ ಕುಂಕುಮ, ಮುಂದೆ ಭುವನಾ. ತೇಜಸ್ ಪಕ್ಕದ ಸ್ಟೂಲಿನಲ್ಲಿ. ಸಿಡಿಯನ್ನು ಭುವನಾ ತಾನೇ ಒರೆಸಿದಳು, ಅಭ್ಯಾಸಬಲ.

ಆಟ ತೆರೆದುಕೊಂಡಿತು. ಕಾರುಗಳು ಸಾಲಾಗಿ ನಿಂತವು. ಭಾವ ಮುಂದಕ್ಕೆ ಬಾಗಿ, "ಈಗ ನೋಡಿ, ಈಗ ಹೋಗುತ್ತೆ" ಎಂದರು. ಕಾರುಗಳು ಹೊರಟವು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಮೊರೆಯಿತು. ಪರದೆ ಒಮ್ಮೆ ಅಲುಗಿದ ಹಾಗಾಯಿತು. ಅಥವಾ ನನ್ನ ಕಣ್ಣು ಅಲುಗಿತೋ. ಮೊದಲ ತಿರುವು, ಎರಡನೆಯ ತಿರುವು, ಒಂದು ಸೇತುವೆ, ಒಂದು ಸುರಂಗ. ಆರಲಿಲ್ಲ. ಭುವನಾ ಗೊತ್ತಿಲ್ಲದೆಯೇ ಹೊಲಿಗೆ ಮಷಿನ್ನಿನ ಪೆಡಲನ್ನು ಜೋರಾಗಿ ತುಳಿಯುತ್ತಿದ್ದಳು. ಕೆಳಗೆ ಚಕ್ರ ತಿರುಗುತ್ತಿತ್ತು, ಮೇಲೆ ಕಾರು ಗೋಡೆಗೆ ಗುದ್ದುತ್ತಿತ್ತು, ಹಿಂದೆ ಸರಿಯುತ್ತಿತ್ತು, ಮತ್ತೆ ಓಡುತ್ತಿತ್ತು. ಜೀವಮಾನದಲ್ಲಿ ಕೀಬೋರ್ಡ್ ಮುಟ್ಟಲು ಸಿಕ್ಕದವಳು ಇನ್ನು ಹೇಗೆ ಓಡಿಸಿಯಾಳು? ಮೂರು ಸುತ್ತು ಮುಗಿಸಿ ಎಂಟು ಕಾರುಗಳಲ್ಲಿ ಎಂಟನೆಯವಳಾಗಿ ಬಂದು, ಎರಡೂ ಕೈ ಎತ್ತಿ ಕಿರುಚಿದಳು.

"ಲಾಸ್ಟ್ ಬಂದಿದ್ದಕ್ಕೆ ಯಾಕೇ ಕುಣೀತೀಯ?" ಎಂದ ತೇಜಸ್.

"ಓಡ್ತಲ್ಲೋ! ಪೂರ್ತಿ ಓಡ್ತು!"

ಅಪ್ಪ ಹೆಗಲ ಟವೆಲು ತೆಗೆದು ಒದರಿ ಮತ್ತೆ ಹಾಕಿಕೊಂಡರು. ಮಂಡಿಯ ಹರಾಜಿನಲ್ಲಿ ದೊಡ್ಡ ಲಾಟು ಇವರದಾದ ದಿನ ಹೀಗೆ ಮಾಡುತ್ತಿದ್ದರು.

ಅದರ ಮುಂದಿನ ವಾರ ಭಾವ ತಮ್ಮ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಅರಸೀಕೆರೆಗೆ ಬಂದರು. ಫಯಾಜ್ ಅದರ ಎಸ್‌ಎಂಪಿಎಸ್ ಡಬ್ಬಿ ಬಿಚ್ಚಿ ಅಪ್ಪನ ಕೈಗೆ ಕೊಟ್ಟ. ಅಪ್ಪ ಅದನ್ನು ಅಂಗೈಯಲ್ಲಿ ತೂಗಿ, ಕಿವಿಗೆ ಹಿಡಿದು ಅಲ್ಲಾಡಿಸಿ, ಅಳಿಯನೆಂಬ ಮರ್ಯಾದೆಗೆ ಕುಂದು ಬಾರದ ಹಾಗೆ ಮೆಲ್ಲಗೆ ಹೇಳಿದರು: "ಎಳೆಕಾಯಿ, ಅಳಿಯಂದಿರೇ."

ಇನ್ನೊಂದು ಉಳಿದಿದೆ. ಆ ಭಾನುವಾರ ರೇಸು ಮುಗಿದ ಮೇಲೆ ತೇಜಸ್, "ಈಗ ನಾನು" ಎಂದ. ಭುವನಾ, "ಇರು, ಇನ್ನೊಂದು ಆಟ" ಎಂದಳು. ಇನ್ನೊಂದು ಆಯಿತು, ಮತ್ತೊಂದು ಆಯಿತು. ಅಕ್ಕ ನನ್ನ ಮುಖ ನೋಡಿದಳು. ತಾಯಿಯಾದವಳು, ಅದರಲ್ಲೂ ಮೇಷ್ಟ್ರು ಕೆಲಸದವಳು, ಹಂಚಿಕೊಂಡು ಆಡಬೇಕು ಕಣೇ ಎನ್ನಬೇಕಾದ ಜಾಗ ಅದು. ನಾನು ಕಾಫಿ ಮಾಡುತ್ತೇನೆಂದು ಒಳಗೆ ಹೋದೆ. ಕಾಫಿಪುಡಿಯ ಡಬ್ಬ ಎದುರಿಗೇ ಇತ್ತು. ಅದನ್ನು ಬಹಳ ಹೊತ್ತು ಹುಡುಕಿದೆ.

ಈಗ ಇಬ್ಬರೂ ಬೆಳೆದಿದ್ದಾರೆ. ಸೇರಿದಾಗ ಆ ದಿನದ ಮಾತು ಬಂದೇ ಬರುತ್ತದೆ. ಎರಡನೆಯ ಆಟವನ್ನೇ ತೇಜಸ್‌ಗೆ ಬಿಟ್ಟುಕೊಟ್ಟೆ ಎನ್ನುತ್ತಾಳೆ ಭುವನಾ. ಹೌದು, ಕೊಟ್ಟಳು, ನಾನೇ ಗೆದ್ದೆ ಎನ್ನುತ್ತಾನೆ ಅವನು. ಇಬ್ಬರೂ ಸೇರಿ ಅದನ್ನು ಗುಡಿಸಿ ಸಾರಿಸಿ ರಂಗೋಲಿ ಇಟ್ಟುಬಿಟ್ಟಿದ್ದಾರೆ. ನಾನು ತಿದ್ದಲು ಹೋಗುವುದಿಲ್ಲ. ನನ್ನ ನೆನಪುಗಳಲ್ಲಿ ನಾನು ಜಾಣೆಯಾಗದೆ ಉಳಿದದ್ದು ಅದೊಂದೇ: ಅಡುಗೆಮನೆಯಲ್ಲಿ ಕಾಫಿಪುಡಿಯ ಡಬ್ಬದ ಮುಂದೆ ನಿಂತಿದ್ದೇನೆ, ಹೊರಗೆ ಪೆಡಲು ಟಕಟಕ ಅನ್ನುತ್ತಿದೆ, ಮಗಳು ಮತ್ತೆ ಎಂಟನೆಯವಳಾಗಿ ಬಂದು ಕಿರುಚುತ್ತಿದ್ದಾಳೆ. ಆ ನೆನಪನ್ನು ಅಲ್ಲಾಡಿಸಿ ನೋಡಿದಾಗಲೆಲ್ಲ ಗಡಗಡ ಸದ್ದು ಬರುತ್ತದೆ.